ಜಿಕೆ ಆ್ಯಪ್ ಜತೆ ಎರಡೂವರೆ ವರ್ಷ: ಐದಕ್ಕೆ ಮೂರು ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ನನಗೆ ಇನ್ನೂ ಸರ್ಕಾರಿ ಕೆಲಸ ಸಿಕ್ಕಿಲ್ಲ. ‘ಇದೊಂದು ಆ್ಯಪ್ ಇದ್ದರೆ ಸಾಕು, ಮೊದಲ ಸಲವೇ ಪಾಸ್’ ಅನ್ನುವ ತರದ ಬರಹ ಇದಲ್ಲ. ಹಾವೇರಿ ಜಿಲ್ಲೆಯ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಬೆಳಿಗ್ಗೆ ಐದರಿಂದ ಎಂಟು, ರಾತ್ರಿ ಊಟವಾದ ಮೇಲೆ ಒಂದು ಗಂಟೆ, ಇಷ್ಟೇ ನನ್ನ ಓದಿನ ಹೊತ್ತು. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ), ಗ್ರಾಮ ಆಡಳಿತ ಅಧಿಕಾರಿ, ರೈಲ್ವೆಯ ಗುಮಾಸ್ತೆ, ಸ್ಟೇಷನ್ ಮಾಸ್ಟರ್ ತರದ ಹುದ್ದೆಗಳ ಎನ್‌ಟಿಪಿಸಿ ಪರೀಕ್ಷೆ, ಹೀಗೆ ಯಾವ ನೋಟಿಫಿಕೇಷನ್ ಬಂದರೂ ಅರ್ಜಿ ಹಾಕುವವರ ಗುಂಪಿನವಳು ನಾನು. 2023ರ ಜೂನ್‌ನಲ್ಲಿ ಜಿಕೆ, ಅಂದರೆ ಸಾಮಾನ್ಯ ಜ್ಞಾನದ ಅಭ್ಯಾಸಕ್ಕೆ ಅಂತ ಒಂದು ಆ್ಯಪ್‌ಗೆ 499 ರೂಪಾಯಿ ಕಟ್ಟಿದೆ. ಅವತ್ತಿಂದ ಅದರ ಜತೆಗೇ ಇದ್ದೇನೆ.

ಆ್ಯಪ್ ಹೆಸರು ಬರೆಯುವುದಿಲ್ಲ. ಹಿಂದೊಮ್ಮೆ ಎರಡು ಸ್ಟಾರ್ ಕೊಟ್ಟಿದ್ದಕ್ಕೆ ಅವರ ಕಡೆಯಿಂದ ವಾರವಿಡೀ ಫೋನ್ ಬಂತು, ‘ಮೇಡಂ, ಸ್ವಲ್ಪ ಜಾಸ್ತಿ ಮಾಡಿ’ ಅಂತ. ಸಾಕಾಗಿದೆ. ಅದೂ ಅಲ್ಲದೆ, ಈ ಜಾತಿಯ ಮೂರ್ನಾಲ್ಕು ಆ್ಯಪ್‌ಗಳನ್ನು ಗೆಳತಿಯರ ಫೋನ್‌ನಲ್ಲಿ ನೋಡಿದ್ದೇನೆ. ಬಣ್ಣ ಬೇರೆ, ಗುಣ ಒಂದೇ.

ನಲವತ್ತು ಸಾವಿರ ಪ್ರಶ್ನೆ ಇದೆ ಅಂತ ಜಾಹೀರಾತು. ಇರಬಹುದು. ಆದರೆ ಒಂದೇ ವಿಷಯ ನಾಲ್ಕು ಸಲ ವೇಷ ಬದಲಿಸಿ ಬರುತ್ತದೆ. ಕುವೆಂಪು ಅವರಿಗೆ ಜ್ಞಾನಪೀಠ ಬಂದ ವರ್ಷ ಯಾವುದು, 1967ರ ಜ್ಞಾನಪೀಠ ಪಡೆದ ಕನ್ನಡಿಗ ಯಾರು, ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು ಯಾರು. ಮೂರು ಪ್ರಶ್ನೆ, ಕಲಿತದ್ದು ಒಂದು. ಆ ವರ್ಷ ಕುವೆಂಪು ಜತೆ ಪ್ರಶಸ್ತಿ ಹಂಚಿಕೊಂಡವರು ಗುಜರಾತಿಯ ಉಮಾಶಂಕರ ಜೋಶಿ. ಆ ಪ್ರಶ್ನೆ ಮಾತ್ರ ಇಡೀ ಆ್ಯಪ್‌ನಲ್ಲಿ ಹುಡುಕಿದರೂ ನನಗೆ ಸಿಗಲಿಲ್ಲ.

ಮೊದಲ ಆರು ತಿಂಗಳು ಮಾತ್ರ ಭಾರಿ ಖುಷಿ. ‘ಭಾರತದ ಸಂವಿಧಾನ’ ವಿಭಾಗದಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಬರುತ್ತಿತ್ತು. ಅಪ್ಪ ಆಗಾಗ ‘ಓದಾಕತ್ತೀಯೋ, ಫೋನ್ ನೋಡಾಕತ್ತೀಯೋ ಯವ್ವಾ?’ ಅನ್ನುತ್ತಿದ್ದರು. ಆ ಅಂಕ ತೋರಿಸಿ ಬಾಯಿ ಮುಚ್ಚಿಸಿದ್ದೆ. ಆಮೇಲೆ ಒಂದು ಭಾನುವಾರ ದಾವಣಗೆರೆಯಲ್ಲಿ ನಿಜವಾದ ಪರೀಕ್ಷೆಯ ಹಾಗೇ ಓಎಂಆರ್ ಹಾಳೆ (ಉತ್ತರದ ವೃತ್ತ ತುಂಬುವ ಹಾಳೆ) ಕೊಟ್ಟು ಮಾಡುವ ಮಾಕ್ ಟೆಸ್ಟ್ ಬರೆದೆ. ನೂರಕ್ಕೆ 54.

ಮನೆಗೆ ಬಂದು ಪ್ರಶ್ನೆಪತ್ರಿಕೆ ಹರಡಿಕೊಂಡು ಕೂತೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಸಂವಿಧಾನದ ಯಾವ ತಿದ್ದುಪಡಿಯಿಂದ ಬಂತು ಅಂತ ಒಂದು ಪ್ರಶ್ನೆ ಇತ್ತು. ಆ್ಯಪ್‌ನಲ್ಲಿ ಅದನ್ನು ಹತ್ತು ಸಲವಾದರೂ ಸರಿ ಮಾಡಿದ್ದೆ. ಅಲ್ಲಿದ್ದ ಆಯ್ಕೆಗಳು 42, 44, 98, 73. ಇಲ್ಲಿದ್ದವು 97, 98, 99, 100. ಆಗ ಗೊತ್ತಾಯಿತು ನೋಡಿ, ನನಗೆ ನೆನಪಿದ್ದದ್ದು 98 ಅಲ್ಲ, ‘ಸಿ’! ಆ್ಯಪ್‌ನಲ್ಲಿ ಆಯ್ಕೆಗಳ ಜಾಗ ಬದಲಾಗುವುದೇ ಇಲ್ಲ. ಪ್ರಶ್ನೆ ಎರಡನೇ ಸಲ ಬಂದಾಗಲೂ ಉತ್ತರ ಅದೇ ಮೂರನೇ ಸಾಲಿನಲ್ಲಿ ಕೂತಿರುತ್ತದೆ. ಬೆರಳು ತಾನಾಗೇ ಅಲ್ಲಿಗೆ ಹೋಗುತ್ತದೆ, ತಲೆಗೆ ಕೆಲಸವೇ ಇಲ್ಲ. ಇಡೀ ಆ್ಯಪ್‌ನ ದೊಡ್ಡ ದೋಷ ಇದು. ಇವತ್ತಿಗೂ ಸರಿಯಾಗಿಲ್ಲ.

ಅದೇ ಪ್ರಶ್ನೆ ನನಗೆ ಒಂದು ಉಪಕಾರವನ್ನೂ ಮಾಡಿತು. ಉಳಿದ ಮೂರು ಸಂಖ್ಯೆ ಏನು ಅಂತ ಹುಡುಕಿದೆ. 97 ಅಂದರೆ ಸಹಕಾರ ಸಂಘಗಳ ತಿದ್ದುಪಡಿ, 2011ರದ್ದು. ದಿನಾ ಸಹಕಾರ ಸಂಘದ ಕುರ್ಚಿಯಲ್ಲಿ ಕೂರುವ ನನಗೆ ಅದು ಗೊತ್ತಿರಲಿಲ್ಲ! ಅದರಿಂದ ಬಂದ 9ಬಿ ಭಾಗ ರಾಜ್ಯದೊಳಗಿನ ಸಂಘಗಳಿಗೆ ಅನ್ವಯಿಸುವುದಿಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಗೊತ್ತಿರಲಿಲ್ಲ. 99 ನ್ಯಾಯಾಧೀಶರ ನೇಮಕ ಆಯೋಗದ್ದು, ಅದನ್ನೂ ಕೋರ್ಟ್ ರದ್ದು ಮಾಡಿತು. 100 ಬಾಂಗ್ಲಾದೇಶದ ಜತೆ ಗಡಿ ಜಾಗ ಅದಲುಬದಲು ಮಾಡಿಕೊಂಡಿದ್ದು. ನಂತರದ 101 ಜಿಎಸ್‌ಟಿ. ಒಂದು ಪ್ರಶ್ನೆಯ ತಪ್ಪು ಆಯ್ಕೆಗಳನ್ನು ಓದಿದರೆ ನಾಲ್ಕು ಪ್ರಶ್ನೆ ಓದಿದ ಹಾಗೆ. ಆ್ಯಪ್‌ನ ‘ವಿವರಣೆ’ ಬಟನ್ ಈ ಕೆಲಸ ಮಾಡಬೇಕು. ಸಂವಿಧಾನ ಮತ್ತು ಇತಿಹಾಸದಲ್ಲಿ ಪರವಾಗಿಲ್ಲ, ಮಾಡುತ್ತದೆ. ಭೂಗೋಳ, ವಿಜ್ಞಾನದಲ್ಲಿ ‘ಸರಿ ಉತ್ತರ: ಬಿ’ ಅಂತ ಇನ್ನೊಮ್ಮೆ ಬರೆದು ಅದಕ್ಕೇ ವಿವರಣೆ ಅಂತ ಹೆಸರಿಟ್ಟಿದ್ದಾರೆ.

ಅವತ್ತಿಂದ ಬಳಸುವ ರೀತಿ ಬದಲಾಯಿಸಿದೆ. ಪ್ರಶ್ನೆ ಬಂದ ತಕ್ಷಣ ಒಂದು ರಟ್ಟಿನ ತುಂಡಿನಿಂದ ಆಯ್ಕೆಗಳನ್ನು ಮುಚ್ಚುತ್ತೇನೆ. ಉತ್ತರ ಬಾಯಲ್ಲಿ ಹೇಳಿ ಆಮೇಲೆ ತೆಗೆಯುತ್ತೇನೆ. ಮದುವೆ ಕಾರ್ಡಿನ ರಟ್ಟು ಇದಕ್ಕೆ ಸರಿಯಾದ ಅಳತೆ. ಅಂಕ ಒಂದೇ ವಾರದಲ್ಲಿ ತೊಂಬತ್ತರಿಂದ ಅರವತ್ತಕ್ಕೆ ಇಳಿಯಿತು. ಹೊಟ್ಟೆ ಉರಿಯಿತು, ಆದರೆ ನನ್ನ ನಿಜವಾದ ಅಂಕ ಅದೇ ಆಗಿತ್ತು.

ಹಳಸಿದ ಉತ್ತರಗಳ ಕಥೆ ಇನ್ನೊಂದು. ಜಿಕೆ ಅಂದರೆ ಬಂಡೆಗಲ್ಲು ಅಂದುಕೊಂಡಿದ್ದೆ, ಒಮ್ಮೆ ಕಲಿತರೆ ಮುಗಿಯಿತು ಅಂತ. ಹಾಗೇನೂ ಇಲ್ಲ. ನನ್ನ ಆ್ಯಪ್‌ನ ಒಂದು ಸೆಟ್‌ನಲ್ಲಿ ಕರ್ನಾಟಕಕ್ಕೆ 30 ಜಿಲ್ಲೆ, ಇನ್ನೊಂದರಲ್ಲಿ 31. ಬಳ್ಳಾರಿಯಿಂದ ವಿಜಯನಗರ ಬೇರೆಯಾಗಿದ್ದು 2021ರಲ್ಲಿ, ನಾನು ದುಡ್ಡು ಕಟ್ಟುವುದಕ್ಕೂ ಎರಡು ವರ್ಷ ಮುಂಚೆ. ‘ಕರ್ನಾಟಕದ ಏಕೈಕ ರಾಮ್ಸಾರ್ ತಾಣ’ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಅಂತ ರಂಗನತಿಟ್ಟನ್ನು ಈಗಲೂ ಕೇಳುತ್ತದೆ. 2022ರಲ್ಲಿ ಅದು ಸರಿ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ, ಅಂಕಸಮುದ್ರ, ಮಾಗಡಿ ಕೆರೆ ಮೂರೂ ಸೇರಿ ನಾಲ್ಕಾಯಿತು. ಮಾಗಡಿ ಕೆರೆ ಪಕ್ಕದ ಗದಗ ಜಿಲ್ಲೆಯದು, ಚಳಿಗಾಲಕ್ಕೆ ಹೊರದೇಶದ ಬಾತುಗಳು ಬರುವ ಜಾಗ. ನಾನು ಕಣ್ಣಾರೆ ನೋಡಿದ ಕೆರೆ ಈ ಆ್ಯಪ್‌ನ ಲೆಕ್ಕದಲ್ಲೇ ಇಲ್ಲ. ಕೊಲೆಗೆ ಯಾವ ಸೆಕ್ಷನ್ ಅಂದರೆ 302 ಅನ್ನುತ್ತದೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅದರಲ್ಲಿ ಕೊಲೆಯ ಶಿಕ್ಷೆ 103ರಲ್ಲಿದೆ. 420 ಅನ್ನುವ ಬೈಗುಳ ಇನ್ನೂ ಉಳಿದಿದೆ, ಮೋಸದ ಸೆಕ್ಷನ್ ಮಾತ್ರ 318 ಆಗಿದೆ.

ಕೆಲವು ಕಡೆ ಉತ್ತರ ಹಾಗೇ ಉಳಿದು ಒಳಗಿನದ್ದು ಹಳಸುತ್ತದೆ. ಅತಿ ಹೆಚ್ಚು ಹುಲಿ ಇರುವ ರಾಜ್ಯ ಮಧ್ಯಪ್ರದೇಶ, 2018ರ ಗಣತಿಯಲ್ಲೂ ಅದೇ, 2022ರಲ್ಲೂ ಅದೇ. ಆದರೆ 2018ರಲ್ಲಿ ಅವರದ್ದು 526, ನಮ್ಮದು 524, ಎರಡೇ ಹುಲಿ ಹಿಂದೆ. 2022ರಲ್ಲಿ ಅವರು 785, ನಾವು 563, ಬೆನ್ನ ಹಿಂದೆಯೇ 560ರ ಉತ್ತರಾಖಂಡ. ‘ಯಾವ ರಾಜ್ಯದಲ್ಲಿ ಎಷ್ಟು ಹುಲಿ’ ಅಂತ ಕೇಳಿದರೆ ಹಳೆಯ ವಿವರಣೆ ಓದಿದವರ ಗತಿ ಅಷ್ಟೇ.

ತಪ್ಪು ಕಂಡಾಗ ಒತ್ತಲು ಬಾವುಟದ ಗುರುತಿನ ಬಟನ್ ಇದೆ. ನಾನು ಲೆಕ್ಕವಿಲ್ಲದಷ್ಟು ಸಲ ಒತ್ತಿದ್ದೇನೆ. ಎರಡು ಸಲ ‘ನಿಮ್ಮ ಸಲಹೆಗೆ ಧನ್ಯವಾದ’ ಬಂತು. ಜಿಲ್ಲೆಯ ಪ್ರಶ್ನೆ ಎಂಟು ತಿಂಗಳ ಮೇಲೆ ಸರಿಯಾಯಿತು. ಪ್ರತಿ ಪ್ರಶ್ನೆಯ ಕೆಳಗೆ ಯಾವಾಗ ಕೊನೆಯ ಸಲ ತಿದ್ದಿದ್ದು ಅಂತ ಒಂದು ತಾರೀಕು ಹಾಕಿದ್ದರೂ ಸಾಕಿತ್ತು, ನಾವೇ ನೋಡಿಕೊಳ್ಳುತ್ತಿದ್ದೆವು.

ಕನ್ನಡ ಅನುವಾದದ ಬಗ್ಗೆ ಏನು ಹೇಳಲಿ. ಪ್ರಶ್ನೆಗಳು ಬೇರೆ ಭಾಷೆಯಲ್ಲಿ ಹುಟ್ಟಿ ಮೆಷಿನ್ ಮೂಲಕ ನಮ್ಮ ಕಡೆ ಬಂದಿವೆ. ಸಂಸತ್ತಿನ ಸ್ಥಾಯಿ ಸಮಿತಿ ಇಲ್ಲಿ ‘ನಿಂತಿರುವ ಸಮಿತಿ’. ಕರ್ಕಾಟಕ ಸಂಕ್ರಾಂತಿ ವೃತ್ತ ಹಾದುಹೋಗುವ ರಾಜ್ಯಗಳೆಷ್ಟು ಅಂತ ಕೇಳುವ ಬದಲು, ಇಂಗ್ಲಿಷಿನ ‘ಟ್ರಾಪಿಕ್ ಆಫ್ ಕ್ಯಾನ್ಸರ್’ ಅನ್ನು ಪದಕ್ಕೆ ಪದ ತಿರುಗಿಸಿ, ‘ಕ್ಯಾನ್ಸರ್‌ನ ಉಷ್ಣವಲಯ’ ಎಷ್ಟು ರಾಜ್ಯದಲ್ಲಿದೆ ಅಂತ ಕೇಳಿದ್ದರು. ನಕ್ಕು ನಕ್ಕು ಸಾಕಾಯಿತು. ಉತ್ತರ ಎಂಟು, ಗುಜರಾತಿನಿಂದ ಮಿಜೋರಾಂವರೆಗೆ. ಈಗ ಆ ಸಾಲನ್ನು ಜನ್ಮದಲ್ಲಿ ಮರೆಯಲಾರೆ, ಅಷ್ಟರ ಮಟ್ಟಿಗೆ ಅನುವಾದಕ್ಕೆ ಋಣಿ.

ಕರ್ನಾಟಕದ ವಿಭಾಗ ತೆಳು. ಎನ್‌ಟಿಪಿಸಿಗೆ ಓದುವವರಿಗೆ ನಡೆಯುತ್ತದೆ, ಅಲ್ಲಿ ಮೊದಲ ಹಂತದ 100ರಲ್ಲಿ 40 ಪ್ರಶ್ನೆ ಸಾಮಾನ್ಯ ಜ್ಞಾನ, ಅದೂ ಇಡೀ ದೇಶದ್ದು. ರಾಜ್ಯದ ಪರೀಕ್ಷೆಗಳಿಗೆ ಇದನ್ನೇ ನಂಬಿ ಕೂತರೆ ಕಷ್ಟ. ಅತಿ ಎತ್ತರದ ಜಲಪಾತಕ್ಕೆ ಒಂದು ಕಡೆ ಶರಾವತಿಯ ಜೋಗ, ಇನ್ನೊಂದು ಕಡೆ ವಾರಾಹಿಯ ಕುಂಚಿಕಲ್. ಕನ್ನಡದ ಮೊದಲ ಶಾಸನ ಹಲ್ಮಿಡಿ ಅಂತಷ್ಟೇ ಇದೆ. ತಾಳಗುಂದದ ಶಾಸನ ಅದಕ್ಕೂ ಹಳೆಯದು ಅನ್ನುವ ವಾದ ಇದೆ ಅಂತ ಒಂದು ಸಾಲೂ ಇಲ್ಲ. ಇಂಥ ಕಡೆ ನಾನು ಆ್ಯಪ್ ಬಿಟ್ಟು ಆರರಿಂದ ಹತ್ತನೇ ಕ್ಲಾಸಿನ ಸಮಾಜ ವಿಜ್ಞಾನ ಪುಸ್ತಕ ತೆಗೆಯುತ್ತೇನೆ. ಅಕ್ಕನ ಮಗನದ್ದು, ಮೀಸೆ ಬರೆದ ಚಿತ್ರಗಳ ಸಮೇತ.

ಪ್ರಚಲಿತ ಘಟನೆಗಳು ದಿನಕ್ಕೆ ಹತ್ತು ಪ್ರಶ್ನೆ. ಅರ್ಧಕ್ಕರ್ಧ ‘ಇಂದು ಯಾವ ದಿನಾಚರಣೆ’ ತರದ್ದು. ತಿಂಗಳ ಪಿಡಿಎಫ್ ಮಾತ್ರ ಚೆನ್ನಾಗಿದೆ.

ಇನ್ನು ಆ ಬೆಂಕಿಯ ಗುರುತು, ಅದೇ ಸ್ಟ್ರೀಕ್. ದಿನಾ ಆಡಿದರೆ ಸಂಖ್ಯೆ ಏರುತ್ತದೆ, ಒಂದು ದಿನ ತಪ್ಪಿದರೆ ಸೊನ್ನೆ. ಕಾಕಾನ ಮಗಳ ಮದುವೆ ಹಿಂದಿನ ರಾತ್ರಿ ಹನ್ನೊಂದೂ ಐವತ್ತಕ್ಕೆ, ಎಲ್ಲರೂ ಹೂ ಕಟ್ಟುತ್ತಿದ್ದಾಗ, ನಾನು ಉಗ್ರಾಣದ ಕೋಣೆಯಲ್ಲಿ ಕೂತು ‘ಭಾರತದ ರಾಷ್ಟ್ರಪಕ್ಷಿ ಯಾವುದು’ ಅಂತ ಹತ್ತು ಸುಲಭ ಪ್ರಶ್ನೆ ಒತ್ತಿದೆ. 143 ದಿನದ ಬೆಂಕಿ ಆರಬಾರದು ಅಂತ. ಮಾರನೇ ದಿನ ಮದುವೆ ಗದ್ದಲದಲ್ಲಿ ಹೇಗೂ ಆರಿತು. ಸತ್ಯ ಹೇಳಬೇಕೆಂದರೆ ನಿರಾಳ ಆಯಿತು. ಆಮೇಲೆ ವಾರಕ್ಕೆ ಐದೇ ದಿನ ತೆರೆಯುತ್ತೇನೆ, ಕಲಿಯುವುದೇನೂ ಕಡಿಮೆಯಾಗಿಲ್ಲ.

ನಾನು ಕಟ್ಟಿದ ದುಡ್ಡು ವಸೂಲಾಗಿದ್ದು ನೆಗೆಟಿವ್ ಮಾರ್ಕ್ಸ್ ವಿಷಯದಲ್ಲಿ. ಟೈಮರ್ ಹಾಕಿ ಪೂರ್ತಿ ಟೆಸ್ಟ್ ಬರೆದರೆ ಕೊನೆಗೆ ಎಷ್ಟು ಅಂಕ ತಪ್ಪು ಉತ್ತರಗಳಿಂದ ಹೋಯಿತು ಅಂತ ಕೆಂಪು ಅಕ್ಷರದಲ್ಲಿ ತೋರಿಸುತ್ತದೆ. ಮೊದಮೊದಲು ನನಗೆ ಒಂದೂ ಪ್ರಶ್ನೆ ಬಿಟ್ಟು ಅಭ್ಯಾಸ ಇರಲಿಲ್ಲ, ಖಾಲಿ ಬಿಟ್ಟರೆ ಅನ್ನ ಚೆಲ್ಲಿದ ಹಾಗೆ ಅನಿಸುತ್ತಿತ್ತು. ಆಮೇಲೆ ಲೆಕ್ಕದವಳಾಗಿ ಲೆಕ್ಕ ಹಾಕಿದೆ. ಏನೂ ಗೊತ್ತಿಲ್ಲದ 12 ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ 3 ಸರಿ, 9 ತಪ್ಪು. ರೈಲ್ವೆಯಲ್ಲಿ ಒಂದು ತಪ್ಪಿಗೆ ಮೂರನೇ ಒಂದು ಅಂಕ ಹೋಗುತ್ತದೆ. ಬಂದ 3 ಅಂಕ ಹೋಗಿ ಸೊನ್ನೆ. ಕೆಪಿಎಸ್‌ಸಿಯಲ್ಲಿ (ಕರ್ನಾಟಕ ಲೋಕಸೇವಾ ಆಯೋಗದ ಪರೀಕ್ಷೆಗಳಲ್ಲಿ) ಕಾಲು ಭಾಗ ಹೋಗುವುದರಿಂದ ಮುಕ್ಕಾಲು ಅಂಕ ಉಳಿಯುತ್ತದೆ, ಅದೂ ಅದೃಷ್ಟ ಸರಾಸರಿ ಇದ್ದರೆ. ಆದರೆ ಎರಡು ಆಯ್ಕೆ ಖಂಡಿತ ಅಲ್ಲ ಅಂತ ಹೊಡೆದುಹಾಕಿದ ಮೇಲೆ ಅದೇ 12ರಲ್ಲಿ 6 ಸರಿ, 6 ತಪ್ಪು, ರೈಲ್ವೆಯಲ್ಲೂ 4 ಅಂಕ ಕೈಗೆ. ಹಾಗಾಗಿ ತಪ್ಪು ಆಯ್ಕೆ ಯಾವುದು ಅಂತ ಗೊತ್ತಿರುವುದಕ್ಕೂ ಬೆಲೆ ಇದೆ.

ನಾಲ್ಕು ತಿಂಗಳು ಪ್ರತಿ ಊಹೆಗೂ ನೋಟ್‌ಬುಕ್‌ನಲ್ಲಿ ‘ಅಂ’ ಅಂತ ಬರೆದೆ, ಅಂದಾಜು ಅಂತ. ಏನೂ ಗೊತ್ತಿಲ್ಲದೆ ಹೊಡೆದವುಗಳಲ್ಲಿ ನಾಲ್ಕಕ್ಕೆ ಒಂದೂ ಸರಿ ಇರಲಿಲ್ಲ. ಪ್ರಶ್ನೆ ಮಾಡುವವರು ನಮ್ಮನ್ನು ಬಲ್ಲರು, ನಾವು ಬೀಳುವ ಕಡೆಯೇ ಗುಂಡಿ ತೋಡಿರುತ್ತಾರೆ. ಈಗ ಒಂದು ಆಯ್ಕೆಯನ್ನೂ ಹೊಡೆದುಹಾಕಲು ಆಗದ ಪ್ರಶ್ನೆಯನ್ನು ಮುಟ್ಟುವುದಿಲ್ಲ. ಹೋದ ಪರೀಕ್ಷೆಯಲ್ಲಿ 11 ಪ್ರಶ್ನೆ ಬಿಟ್ಟು ಬಂದೆ. ಕಟ್ ಆಫ್‌ಗೆ ಮೂರು ಅಂಕ ಕಡಿಮೆಯಾಯಿತು, ಅದರ ಹಿಂದಿನದರಲ್ಲಿ ಹದಿನಾಲ್ಕು ಕಡಿಮೆ ಇತ್ತು. ಒಂದು ಎಚ್ಚರಿಕೆ: ಈ ಆ್ಯಪ್ ರೈಲ್ವೆ ಟೆಸ್ಟಿಗೂ ಕಾಲು ಅಂಕವನ್ನೇ ಕಳೆಯುತ್ತದೆ. ಸೆಟ್ಟಿಂಗ್ಸ್ ಒಳಗೆ ಹೋಗಿ ನೀವೇ ಬದಲಾಯಿಸಿಕೊಳ್ಳಬೇಕು.

ದುಡ್ಡಿನ ವಿಷಯ. ಎರಡನೇ ವರ್ಷ ಆಟೊಪೇಯಲ್ಲಿ 799 ರೂಪಾಯಿ ತಾನಾಗೇ ಕಟ್ ಆಯಿತು, ಕೇಳಿದರೆ ‘ಷರತ್ತಿನಲ್ಲಿ ಇದೆ ಮೇಡಂ’ ಅಂದರು. ಕಟ್ಟಿದ ದಿನವೇ ಆಟೊಪೇ ಆಫ್ ಮಾಡಿ. ಮೂರನೇ ವರ್ಷಕ್ಕೆ ನಾನೇ ಕಾದು ಕೂತೆ, ಹಬ್ಬದ ಆಫರ್‌ನಲ್ಲಿ 349ಕ್ಕೆ ಸಿಕ್ಕಿತು. ಹೊಸದಾಗಿ ಓದು ಶುರು ಮಾಡುವವರಿಗೆ ಒಂದು ವರ್ಷಕ್ಕೆ ಸಾಕು ಅಂತೀನಿ. ಬರೀ ರಾಜ್ಯದ ಪರೀಕ್ಷೆ ಬರೆಯುವವರು ಆ ದುಡ್ಡಲ್ಲಿ ಹಳೆ ಪ್ರಶ್ನೆಪತ್ರಿಕೆಗಳ ಝೆರಾಕ್ಸ್ ಮಾಡಿಸಿಕೊಂಡರೆ ಜಾಸ್ತಿ ಉಪಯೋಗ.

ನಾನು ಮುಂದೆ ಕಟ್ಟುವುದಿಲ್ಲ. ಆದರೆ ಎರಡೂವರೆ ವರ್ಷದ ನನ್ನ ತಪ್ಪುಗಳೆಲ್ಲ ಅದರೊಳಗೇ ಇವೆ, ‘ನನ್ನ ತಪ್ಪುಗಳು’ ಅನ್ನುವ ಪಟ್ಟಿಯಲ್ಲಿ, 1,100ಕ್ಕೂ ಜಾಸ್ತಿ. ಇಳಿಸಿಕೊಳ್ಳುವ ದಾರಿ ಇಲ್ಲ, ಚಂದಾ ಮುಗಿದರೆ ಪಟ್ಟಿಗೂ ಬೀಗ. ಅದಕ್ಕೇ ದಿನಕ್ಕೆ ಮೂವತ್ತರಂತೆ 200 ಪುಟದ ನೋಟ್‌ಬುಕ್‌ಗೆ ಕೈಯಲ್ಲಿ ಇಳಿಸುತ್ತಿದ್ದೇನೆ, ಆಯ್ಕೆಗಳನ್ನು ಬಿಟ್ಟು ಬರೀ ಪ್ರಶ್ನೆ. ಉತ್ತರಗಳು ಹಿಂದಿನ ಪುಟಗಳಲ್ಲಿ. ನದಿಗಳು ಮುಗಿದವು, ನಾಳೆಯಿಂದ ತಿದ್ದುಪಡಿಗಳು. ಅಪ್ಪ ಈಗ ಏನೂ ಕೇಳುವುದಿಲ್ಲ, ಲೈಟ್ ಸರಿಯಾಗಿ ಬೀಳುವ ಹಾಗೆ ಟೇಬಲ್ ಎಳೆದು ಕೊಟ್ಟು ಹೋಗುತ್ತಾರೆ.