ಬಿಲ್ ನಿಮ್ಮ ಹೆಸರಿನಲ್ಲಿದ್ದರೆ ಸಾಲವೂ ನಿಮ್ಮದೇ: ಒಳಾಂಗಣ ವಿನ್ಯಾಸಕರಿಗೆ ಒಂದು ಎಚ್ಚರಿಕೆ

ಮೈಸೂರಿನಲ್ಲಿ ಸ್ವಂತವಾಗಿ ಒಳಾಂಗಣ ವಿನ್ಯಾಸದ ವೃತ್ತಿ ನಡೆಸುತ್ತಿರುವ ನಾನು ಒಂದೇ ಒಂದು ಮನೆಯ ಕೆಲಸದಲ್ಲಿ ಸುಮಾರು ಒಂದು ವರ್ಷದ ಸಂಪಾದನೆಯನ್ನು ಕಳೆದುಕೊಂಡೆ. ಆ ಮನೆಗೆ ನಾನು ಸಲಹೆಗಾರಳೋ ಗುತ್ತಿಗೆದಾರಳೋ ಎಂಬುದನ್ನು ಕೆಲಸ ಆರಂಭಿಸುವ ಮೊದಲು ಬರೆದಿಡದೆ ಹೋದದ್ದೇ ಅದಕ್ಕೆ ಮೂಲ ಕಾರಣ. ಡಿಪ್ಲೊಮಾ ಮುಗಿಸಿ ಈಗಷ್ಟೇ ಸ್ವಂತ ಕಚೇರಿ ತೆರೆಯುತ್ತಿರುವವರು ಇದನ್ನು ಓದಬೇಕೆಂಬ ಆಸೆಯಿಂದ, ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಕೆಲಸ ಬಂದದ್ದು ಪರಿಚಯದವರ ಮೂಲಕ. ವಿಜಯನಗರದ ಕಡೆ ಹೊಸದಾಗಿ ಕಟ್ಟಿಸಿದ ಮನೆ. ಮಾಡ್ಯುಲರ್ ಅಡುಗೆಮನೆ, ಮೂರು ವಾರ್ಡ್‌ರೋಬ್, ಪೂಜಾ ಕೋಣೆ, ಟಿವಿ ಯೂನಿಟ್, ಫಾಲ್ಸ್ ಸೀಲಿಂಗ್ ಎಲ್ಲ ಸೇರಿ 22 ಲಕ್ಷ ರೂಪಾಯಿಗೆ ಮಾತಾಯಿತು. ಅದರಲ್ಲಿ ನನ್ನ ಶುಲ್ಕ ಎರಡು ಲಕ್ಷ ಮಾತ್ರ, ಉಳಿದದ್ದೆಲ್ಲ ಸಾಮಗ್ರಿ ಮತ್ತು ಕೂಲಿ. ಎರಡು ಪುಟದ ಕೊಟೇಶನ್ ಕೊಟ್ಟು, ಕರಾರು ಪತ್ರದ ಮಾತೆತ್ತಿದಾಗ ಮನೆಯ ಯಜಮಾನರು, "ನೀವು ನಮ್ಮ ಮನೆ ಮಗಳ ಹಾಗೆ, ನಮ್ಮ ನಡುವೆ ಛಾಪಾ ಕಾಗದ ಏಕಮ್ಮಾ" ಎಂದರು. ಅವರು ಅದನ್ನು ಮೋಸದ ಉದ್ದೇಶದಿಂದ ಹೇಳಿದರೆಂದು ನಾನು ಈಗಲೂ ನಂಬುವುದಿಲ್ಲ. ಆದರೆ ಒಪ್ಪಿ ಸುಮ್ಮನಾದದ್ದು ನನ್ನ ತಪ್ಪು. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ ಎಂದು ಕೇಳಿದ್ದ ನಾನು, ಅದನ್ನು ಸಾಬೀತುಪಡಿಸುವ ಹೊಣೆ ಹಣ ಕೇಳುವವರ ಮೇಲೆಯೇ ಬೀಳುತ್ತದೆ ಎಂಬುದನ್ನು ಯೋಚಿಸಿರಲಿಲ್ಲ.

ಎಡವಿದ್ದು ಹಣ ಹರಿದ ದಾರಿಯಲ್ಲಿ. ಗ್ರಾಹಕರು ಕಂತು ಕಂತಾಗಿ ನನ್ನ ಖಾತೆಗೆ ಹಣ ಹಾಕುತ್ತಿದ್ದರು. ನಾನು ಪ್ಲೈವುಡ್, ಲ್ಯಾಮಿನೇಟ್, ಹಿಂಜ್, ಚಾನೆಲ್‌ಗಳನ್ನು ನನಗೆ ಹಲವು ವರ್ಷಗಳಿಂದ ಪರಿಚಯವಿದ್ದ ಅಂಗಡಿಯಿಂದ ನನ್ನ ಹೆಸರಿಗೇ ಬಿಲ್ ಮಾಡಿಸಿ, ಒಂದಷ್ಟನ್ನು ಉದ್ದರಿಯಲ್ಲಿ ತರಿಸುತ್ತಿದ್ದೆ. ಬಡಗಿಗಳಿಗೆ ಚದರಡಿ ಲೆಕ್ಕದಲ್ಲಿ ನಾನೇ ಕೊಡುತ್ತಿದ್ದೆ. ನಮ್ಮ ಊರುಗಳಲ್ಲಿ ಸಣ್ಣ ಕಚೇರಿ ನಡೆಸುವ ಬಹುಪಾಲು ವಿನ್ಯಾಸಕರು ಹೀಗೆಯೇ ಕೆಲಸ ಮಾಡುತ್ತಾರೆ, ಗ್ರಾಹಕರಿಗೂ ಇದು ಅನುಕೂಲ. ಆದರೆ ಕಾನೂನಿನ ಕಣ್ಣಿನಲ್ಲಿ ಆ ಕ್ಷಣದಿಂದ ನಾನು ಸಲಹೆಗಾರಳಾಗಿ ಉಳಿಯಲಿಲ್ಲ. ಯಾರ ಪರವಾಗಿ ಕೊಳ್ಳುತ್ತಿದ್ದೇನೆಂದು ಹೇಳದೆ ಕೊಂಡ ಮಧ್ಯವರ್ತಿಯೇ ಆ ವ್ಯವಹಾರಕ್ಕೆ ವೈಯಕ್ತಿಕವಾಗಿ ಬದ್ಧ ಎಂದು ಕರಾರು ಕಾಯ್ದೆಯ 230ನೇ ಕಲಂ ಭಾವಿಸುತ್ತದೆ. ಅಂಗಡಿಯವರ ಪುಸ್ತಕದಲ್ಲಿ ಮನೆಯ ಯಜಮಾನರ ಹೆಸರು ಎಲ್ಲಿಯೂ ಇರಲಿಲ್ಲ.

ಗೃಹಪ್ರವೇಶದ ಹೊತ್ತಿಗೆ 17.5 ಲಕ್ಷ ಬಂದಿತ್ತು. ಉಳಿದ 4.5 ಲಕ್ಷವನ್ನು "ಸಣ್ಣಪುಟ್ಟ ಕೆಲಸ ಮುಗಿದ ಮೇಲೆ" ಕೊಡುವ ಮಾತಾಗಿತ್ತು. ಆ ಸಣ್ಣಪುಟ್ಟ ಕೆಲಸ ಯಾವುದು, ಅದು ಮುಗಿಯಿತೆಂದು ತೀರ್ಮಾನಿಸುವವರು ಯಾರು ಎಂಬುದು ಎಲ್ಲಿಯೂ ಬರೆದಿರಲಿಲ್ಲ. ಮನೆಗೆ ಬಂದು ಸೇರಿದ ಗ್ರಾಹಕರ ಕೈಯಲ್ಲಿ ಕೊನೆಯ ಐದನೇ ಒಂದು ಪಾಲು ಉಳಿದಿದ್ದರೆ ಅದು ಎಂದಿಗೂ ಬರದೆ ಹೋಗಬಹುದು ಎಂಬ ಎಚ್ಚರಿಕೆಯನ್ನು ಹಿರಿಯರೊಬ್ಬರು ನನಗೆ ಮೊದಲೇ ಹೇಳಿದ್ದರು.

ಮಳೆಗಾಲ ಶುರುವಾಗಿ ಎರಡು ತಿಂಗಳಿಗೆ ಅಡುಗೆಮನೆಯಿಂದ ಕರೆ ಬಂತು. ಹೋಗಿ ನೋಡಿದರೆ, ಸಿಂಕ್ ಕೆಳಗಿನ ಕಪಾಟಿನ ತಳದ ಹಲಗೆ ಉಬ್ಬಿ, ಅಂಚಿನ ಪಟ್ಟಿ ಕಿತ್ತುಬಂದು, ಪದರಗಳು ನೆನೆದ ರಟ್ಟಿನ ಹಾಗೆ ಒಂದೊಂದಾಗಿ ಬಿಡಿಸಿಕೊಂಡಿದ್ದವು. ಬೆರಳಿನಿಂದ ಒತ್ತಿದರೆ ನೀರು ಜಿನುಗುತ್ತಿತ್ತು. ಹಲಗೆಯ ಹಿಂಬದಿಯಲ್ಲಿ ಅರ್ಧ ಕತ್ತರಿಸಿದ ಮುದ್ರೆಯಲ್ಲಿ ಐಎಸ್ 303 ಎಂಬ ಭಾರತೀಯ ಮಾನದಂಡದ ಸಂಖ್ಯೆಯಿತ್ತು, ಪಕ್ಕದಲ್ಲಿ ಎಂಆರ್ ಎಂಬ ಅಕ್ಷರಗಳು. ಅಂದರೆ ತೇವವನ್ನು ಒಂದು ಮಟ್ಟಿಗೆ ಮಾತ್ರ ತಡೆಯುವ ಸಾಮಾನ್ಯ ದರ್ಜೆ. ನೀರು ಬೀಳುವ ಜಾಗಕ್ಕೆ ಐಎಸ್ 710ರ ಮೆರೈನ್ ಪ್ಲೈವುಡ್ ಹಾಕಬೇಕೆಂದು ನಾನು ಬಡಗಿಗೆ ಬಾಯಲ್ಲಿ ಹೇಳಿದ್ದೆ, ಅದನ್ನು ತರಿಸಿಯೂ ಇದ್ದೆ. ಬಡಗಿ ವಾರ್ಡ್‌ರೋಬ್‌ಗೆಂದು ತಂದಿದ್ದ ಹಲಗೆಯ ಉಳಿದ ತುಂಡನ್ನು ಅಲ್ಲಿ ಕೂರಿಸಿದ್ದ. ನನ್ನ ಕೊಟೇಶನ್ನಿನಲ್ಲಿ ಇದ್ದದ್ದು "19 ಎಂಎಂ ಪ್ಲೈವುಡ್" ಎಂಬ ಎರಡೇ ಪದ. ದರ್ಜೆ ಬರೆಯದಿದ್ದುದರಿಂದ ಗ್ರಾಹಕರಿಗೆ ನಾನು ಅಗ್ಗದ ಮಾಲು ಹಾಕಿ ಮೋಸ ಮಾಡಿದೆನೆಂದು ಅನ್ನಿಸಿತು, ಅಲ್ಲವೆಂದು ತೋರಿಸಲು ನನ್ನ ಬಳಿ ಕಾಗದವಿರಲಿಲ್ಲ. ಬಡಗಿಯನ್ನು ನೇಮಿಸಿದವಳು ನಾನೇ ಆದ್ದರಿಂದ ಅವನ ತಪ್ಪೂ ನನ್ನದೇ ಆಯಿತು.

ನಾನು ಬಾಕಿ ಕೇಳಿದೆ, ಅವರು ಪರಿಹಾರ ಕೇಳಿದರು. ಕೊನೆಗೆ ಸೇವಾ ನ್ಯೂನತೆಯ ಆರೋಪದ ಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಹೋಯಿತು. ಪಾವತಿಯಾದ ಮೊತ್ತ 50 ಲಕ್ಷ ರೂಪಾಯಿ ಮೀರದ ಪ್ರಕರಣಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುವುದರಿಂದ ಮನೆಗಳ ಒಳಾಂಗಣ ಕೆಲಸದ ನಮ್ಮ ವಿವಾದಗಳಲ್ಲಿ ಹೆಚ್ಚಿನವು ಅಲ್ಲಿಗೇ ಹೋಗುತ್ತವೆ ಎಂಬುದನ್ನು ನೆನಪಿಡಿ.

ಇದರ ನಡುವೆ ಹೆಚ್ಚುವರಿ ಕೆಲಸದ ವಿಷಯ ಬಂತು. ಲಾಫ್ಟ್‌ಗಳು, ಮೆಟ್ಟಿಲ ಕೆಳಗಿನ ಚಪ್ಪಲಿ ಗೂಡು, ಬದಲಾಯಿಸಿದ ಲ್ಯಾಮಿನೇಟ್ ಎಲ್ಲ ಸೇರಿ 1.6 ಲಕ್ಷ. ಇವೆಲ್ಲವನ್ನೂ ವಾಟ್ಸ್‌ಆ್ಯಪ್ ಧ್ವನಿ ಸಂದೇಶಗಳಲ್ಲಿ "ಹಾಕಿಸಿಬಿಡಿ" ಎಂದು ಒಪ್ಪಿದ್ದರು. ನಾನು ನಡುವೆ ಫೋನ್ ಬದಲಾಯಿಸಿದ್ದೆ, ಹಳೆಯ ಸಂದೇಶಗಳು ಹೊಸದಕ್ಕೆ ಬರಲಿಲ್ಲ. ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಮಾಡಿದ ಕೆಲಸದ ಲಾಭವನ್ನು ಪಡೆದವರು ಅದಕ್ಕೆ ಪರಿಹಾರ ಕೊಡಬೇಕೆಂದು ಕರಾರು ಕಾಯ್ದೆಯ 70ನೇ ಕಲಂ ಹೇಳುತ್ತದೆ ಎಂದು ವಕೀಲರು ಧೈರ್ಯ ತುಂಬಿದರು, ಆದರೆ ಮರುಕ್ಷಣವೇ ಸಾಕ್ಷ್ಯ ಕೇಳಿದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಇಂಥ ಸಂದೇಶಗಳನ್ನು ನಿಗದಿತ ಪ್ರಮಾಣಪತ್ರದೊಂದಿಗೆ ಹಾಜರುಪಡಿಸಬೇಕು. ಹಾಜರುಪಡಿಸಲು ನನ್ನ ಬಳಿ ಸಂದೇಶಗಳೇ ಇರಲಿಲ್ಲ.

ಹಾಗೆಯೇ, "ಉದ್ಯಮ್ ನೋಂದಣಿ ಇದೆಯೇ" ಎಂದೂ ವಕೀಲರು ಕೇಳಿದರು. ಇರಲಿಲ್ಲ. ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿ ನೋಂದಾಯಿಸಿಕೊಂಡವರಿಗೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಲ್ಲಿ ದೊಡ್ಡ ಆಸರೆಯಿದೆ: ಕರಾರಿನಲ್ಲಿ ಏನೇ ಬರೆದಿದ್ದರೂ 45 ದಿನಗಳನ್ನು ಮೀರಿ ಪಾವತಿ ಮುಂದೂಡುವಂತಿಲ್ಲ, ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ನೋಂದಣಿಗೆ ಒಂದು ರೂಪಾಯಿಯೂ ಖರ್ಚಿಲ್ಲ. ಆದರೆ ಕೆಲಸ ಮುಗಿದ ಮೇಲೆ ಮಾಡಿಸಿದ ನೋಂದಣಿಯಿಂದ ಹಿಂದಿನ ವ್ಯವಹಾರಕ್ಕೆ ಈ ಲಾಭ ಸಿಗದೆಂದು ಸುಪ್ರೀಂ ಕೋರ್ಟ್ 2021ರ ತೀರ್ಪೊಂದರಲ್ಲಿ ಹೇಳಿದೆ. ಅಂಗಡಿಗೆ ಬೋರ್ಡ್ ಬರೆಸುವ ಮೊದಲೇ ಇದನ್ನು ಮಾಡಿಸಿಕೊಳ್ಳಿ.

ಜಿಎಸ್‌ಟಿಯ ಪೆಟ್ಟು ಬೇರೆ. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು ಕರ್ನಾಟಕದಲ್ಲಿ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಶುಲ್ಕವನ್ನಷ್ಟೇ ಎಣಿಸಿದರೆ ನಾನು ಅದರ ಅರ್ಧದಷ್ಟೂ ಮುಟ್ಟುತ್ತಿರಲಿಲ್ಲ. ಆದರೆ ಪ್ಲೈವುಡ್ ಮತ್ತು ಕೂಲಿಯ ಹಣವೂ ನನ್ನ ಬಿಲ್ಲಿನಲ್ಲೇ ಸೇರಿದ್ದರಿಂದ ಅದೂ ನನ್ನ ವಹಿವಾಟಾಯಿತು. ಗ್ರಾಹಕರ ಪರವಾಗಿ ಖರ್ಚು ಮಾಡಿ, ಖರ್ಚಾದಷ್ಟನ್ನೇ ವಾಪಸ್ ಪಡೆಯುವವರಿಗೆ ಜಿಎಸ್‌ಟಿ ನಿಯಮ 33ರಲ್ಲಿ 'ಪ್ಯೂರ್ ಏಜೆಂಟ್' ಎಂಬ ವಿನಾಯಿತಿಯಿದೆ, ಆದರೆ ಅದಕ್ಕೆ ಗ್ರಾಹಕರೊಂದಿಗಿನ ಒಪ್ಪಂದವಿರಬೇಕು, ಬಿಲ್ಲಿನಲ್ಲಿ ಆ ಮೊತ್ತವನ್ನು ಪ್ರತ್ಯೇಕವಾಗಿ ತೋರಿಸಿರಬೇಕು. ಎರಡೂ ಇಲ್ಲದ ನಾನು ಮಿತಿ ದಾಟಿದ ಬಳಿಕದ ಬಿಲ್ಲುಗಳ ಮೇಲೆ ಶೇ. 18ರ ತೆರಿಗೆಯನ್ನು ಬಡ್ಡಿಸಹಿತ ಕೈಯಿಂದ ಕಟ್ಟಿದೆ.

ದೂರು ಮಧ್ಯಸ್ಥಿಕೆಯಲ್ಲಿ ಇತ್ಯರ್ಥವಾಯಿತು. ನಾನು ಸಿಂಕ್ ಕಪಾಟನ್ನು ನನ್ನ ಖರ್ಚಿನಲ್ಲಿ ಹೊಸದಾಗಿ ಮಾಡಿಸಿಕೊಟ್ಟೆ, ಅವರು ಒಂದು ಲಕ್ಷ ಕೊಟ್ಟರು, ಉಳಿದ ಬಾಕಿಯನ್ನೂ ಹೆಚ್ಚುವರಿ ಕೆಲಸದ ಹಣವನ್ನೂ ನಾನು ಬಿಟ್ಟೆ.

ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯಿದೆ, ಮಂಡಳಿಯಿದೆ, ಆ ಹೆಸರನ್ನು ಬೇರೆಯವರು ಬಳಸುವಂತಿಲ್ಲ. ಒಳಾಂಗಣ ವಿನ್ಯಾಸಕರಿಗೆ ಅಂಥ ಶಾಸನಬದ್ಧ ಮಂಡಳಿ ಇಲ್ಲ. ನಮ್ಮನ್ನು ಕಾಯುವುದು ನಾವೇ ಬರೆದುಕೊಂಡ ಕರಾರು ಪತ್ರ ಎಂಬುದು ನನ್ನ ದೃಢ ಅಭಿಪ್ರಾಯ. ಈಗ ನನ್ನ ಕರಾರು ಛಾಪಾ ಶುಲ್ಕ ಕಟ್ಟಿದ ಕಾಗದದ ಮೇಲಿರುತ್ತದೆ, ಏಕೆಂದರೆ ಶುಲ್ಕ ಕಟ್ಟದ ಪತ್ರವನ್ನು ದಂಡ ತೆರುವವರೆಗೆ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ನಾನು ವಿನ್ಯಾಸ ಮತ್ತು ಮೇಲ್ವಿಚಾರಣೆಗೆ ಮಾತ್ರ ಹೊಣೆ, ಬಡಗಿಯ ಒಪ್ಪಂದ ನೇರವಾಗಿ ಗ್ರಾಹಕರ ಜೊತೆ ಎಂದು ಮೊದಲ ಪುಟದಲ್ಲೇ ಇರುತ್ತದೆ. ಪ್ರತಿ ಜಾಗದ ಪ್ಲೈವುಡ್ ದರ್ಜೆಯನ್ನು ಐಎಸ್ ಸಂಖ್ಯೆಯೊಂದಿಗೆ ಬರೆಯುತ್ತೇನೆ, ಹಲಗೆ ಕತ್ತರಿಸುವ ಮೊದಲು ಮುದ್ರೆ ಕಾಣುವಂತೆ ಫೋಟೊ ತೆಗೆದು ಇಮೇಲ್ ಕಳಿಸುತ್ತೇನೆ. ಹೆಚ್ಚುವರಿ ಕೆಲಸಕ್ಕೆ ಮೊತ್ತ ಮತ್ತು ದಿನ ಬರೆದ ಚೀಟಿಗೆ ಸಹಿಯಾಗದೆ ಬಡಗಿ ಗರಗಸ ಎತ್ತುವುದಿಲ್ಲ. ಹಸ್ತಾಂತರದ ದಿನಕ್ಕೆ ಶೇಕಡ ಐದಕ್ಕಿಂತ ಹೆಚ್ಚು ಬಾಕಿ ಉಳಿಯದಂತೆ ಕಂತುಗಳನ್ನು ಹಂಚುತ್ತೇನೆ. ಇಷ್ಟಕ್ಕೆ ಬೇಸರಪಟ್ಟು ಇಬ್ಬರು ಗ್ರಾಹಕರು ಬೇರೆಯವರ ಬಳಿ ಹೋದರು, ಹೋಗಲಿ ಎಂದುಕೊಂಡೆ.

ಅಂಗಡಿಯವರ 3.1 ಲಕ್ಷದ ಉದ್ದರಿ ಮಾತ್ರ ನನ್ನ ತಲೆಯ ಮೇಲೆಯೇ ಉಳಿಯಿತು. ಅವರು ನೋಟಿಸ್ ಕೊಟ್ಟ ಮೇಲೆ ಹತ್ತು ಕಂತಿಗೆ ಒಪ್ಪಿಸಿದೆ, ಎಂಟು ಕಟ್ಟಿಯಾಗಿದೆ.