ನಿರಾಮಯ ವಿಮೆ, ಹಲವು ವರ್ಷ ಬಳಸಿದ ಮೇಲೆ: ಥೆರಪಿ ಬಿಲ್ಲಿಗೆ ಸರಿ, ಆಪರೇಷನ್ನಿಗೆ ಬೇರೆ ದಾರಿ ಹಿಡಿಯಿರಿ

ಐದಕ್ಕೆ ಮೂರೂವರೆ. ಕಟ್ಟುವ ದುಡ್ಡನ್ನಷ್ಟೇ ನೋಡಿದರೆ ಐದಕ್ಕೆ ಐದೂ ಕೊಡಬಹುದು. ಒಂದೂವರೆ ಕಡಿಮೆ ಆಗಿದ್ದು ಕಾಗದಪತ್ರದ ಕಾಟಕ್ಕೆ.

ಇದು ಕೆಲವು ಬಗೆಯ ವಿಕಲತೆ ಇರುವವರಿಗಾಗಿ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ನಡೆಸುವ ಆರೋಗ್ಯ ವಿಮೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಹೊಸದಾಗಿ ಸೇರಲು ಬಿಪಿಎಲ್ ಕುಟುಂಬಕ್ಕೆ 250, ಎಪಿಎಲ್‌ಗೆ 500. ನವೀಕರಣಕ್ಕೆ 50 ಮತ್ತು 250. ಸೇರುವಾಗ ವೈದ್ಯಕೀಯ ತಪಾಸಣೆ ಇಲ್ಲ, ವಯಸ್ಸಿನ ಮಿತಿ ಇಲ್ಲ, ಮೊದಲೇ ಇರುವ ತೊಂದರೆ ಅಂತ ತಳ್ಳಿಹಾಕುವುದೂ ಇಲ್ಲ. ಆದರೆ ಎಲ್ಲ ವಿಶೇಷ ಮಕ್ಕಳಿಗೂ ಸಿಗುತ್ತದೆ ಅಂದುಕೊಳ್ಳಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವಿಕಲತೆಗಳಿವೆ. ನಿರಾಮಯ ಮಾತ್ರ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ನಾಲ್ಕಕ್ಕೇ ನಿಲ್ಲುತ್ತದೆ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಧ ವಿಕಲತೆ. ಬರೀ ಕಿವಿ ಕೇಳದ ಮಗುವಿಗೆ ಇದು ಸಿಗದು.

ಇದರ ನಿಜವಾದ ಉಪಯೋಗ ಇರುವುದು ಆಸ್ಪತ್ರೆ ಸೇರದೆ ಆಗುವ ಖರ್ಚಿಗೆ. ಸ್ಪೀಚ್ ಥೆರಪಿ, ಫಿಸಿಯೊ, ಆಕ್ಯುಪೇಷನಲ್ ಥೆರಪಿ, ಫಿಟ್ಸ್ ಮಾತ್ರೆ, ರಕ್ತಪರೀಕ್ಷೆ. ಮಾಮೂಲಿ ಖಾಸಗಿ ಪಾಲಿಸಿಗಳು ಇವುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಹಾಗಂತ ಪೂರ್ತಿ ಖರ್ಚು ಬರುತ್ತದೆ ಅಂತಲ್ಲ. 1 ಲಕ್ಷದೊಳಗೆ ಪ್ರತಿ ಬಾಬ್ತಿಗೂ ಒಳಮಿತಿ ಇದೆ. ವಾರಕ್ಕೆ ಎರಡು ಸೆಷನ್, ಒಂದಕ್ಕೆ 500 ರೂಪಾಯಿ ಅಂತ ಹಿಡಿದರೂ ವರ್ಷಕ್ಕೆ 52,000 ಆಗುತ್ತದೆ. ಥೆರಪಿಯ ಒಳಮಿತಿ ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಓಡಾಟದ ಖರ್ಚಿಗೆ ವರ್ಷಕ್ಕೆ 1,000 ರೂಪಾಯಿ ಇಟ್ಟಿದ್ದಾರೆ. ಹಳ್ಳಿಯಿಂದ ಜಿಲ್ಲಾಸ್ಪತ್ರೆಗೆ ಆಟೊ ಮಾಡಿಕೊಂಡು ಹೋಗುವವರಿಗೆ ಇದು ತಮಾಷೆಯಂತೆಯೇ ಕಾಣುತ್ತದೆ.

ಆದ್ದರಿಂದ ಯಾವ ಬಿಲ್ಲು ಎಲ್ಲಿಗೆ ಅನ್ನುವುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಆಸ್ಪತ್ರೆಗೆ ಸೇರಿಸುವುದು, ಆಪರೇಷನ್ನು ಇವನ್ನೆಲ್ಲ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕಕ್ಕೆ ಬಿಡಿ. ಅಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಕೈಯಿಂದ ಮೊದಲು ಕಟ್ಟಬೇಕಾಗಿಲ್ಲ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30ನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷ ಮೀರದಂತೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಕೇಳುತ್ತಾರೆ. ಮಗು ಅಂಗನವಾಡಿಯಲ್ಲೋ ಸರ್ಕಾರಿ ಶಾಲೆಯಲ್ಲೋ ಇದ್ದರೆ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಕಾರ್ಯಕ್ರಮ) ತಂಡದವರು ತಪಾಸಣೆಗೆ ಬಂದ ದಿನವೇ ರೆಫರಲ್ ಬರೆಸಿಕೊಳ್ಳಿ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ನಿರಾಮಯವನ್ನು ಥೆರಪಿಗೂ ಔಷಧಿಗೂ ಬಳಸಿಕೊಳ್ಳಿ.

ಇನ್ನು ನಿರಾಮಯದ ಕ್ಲೇಮು. ಮೊದಲು ನೀವು ಕಟ್ಟಬೇಕು, ಆಮೇಲೆ ಅವರು ವಾಪಸ್ ಕೊಡುತ್ತಾರೆ. ಚಿಕಿತ್ಸೆ ಮುಗಿದ 30 ದಿನದೊಳಗೆ ಕಾಗದ ಹೋಗಬೇಕು. ತಿಂಗಳ ಕೊನೆಗೆ ಬಿಲ್ ಕೊಡುವ ಸೆಂಟರ್ ಆದರೆ ಮೊದಲ ವಾರದ ಸೆಷನ್ ಆಗಲೇ ಗಡುವಿನ ಅಂಚಿಗೆ ಬಂದಿರುತ್ತದೆ. ಹದಿನೈದು ದಿನಕ್ಕೊಮ್ಮೆ ಬಿಲ್ ಕೇಳಿ ತೆಗೆದುಕೊಳ್ಳಿ.

ಬಿಲ್ಲು ಹೇಗಿರಬೇಕು ಅನ್ನುವುದರಲ್ಲೇ ಅರ್ಧ ಕ್ಲೇಮು ನಿಂತಿದೆ. "ಮಾಸಿಕ ಶುಲ್ಕ – 6,000" ಅಂತ ಒಂದೇ ಸಾಲು ಬರೆದ ರಸೀದಿ ವಾಪಸ್ ಬರುತ್ತದೆ. ಯಾಕೆಂದರೆ ಅದರಲ್ಲಿ ಥೆರಪಿ ಎಷ್ಟು, ಪಾಠ ಎಷ್ಟು ಅಂತ ವಿಮೆಯವರಿಗೆ ಬಿಡಿಸಿ ನೋಡಲು ಬರುವುದಿಲ್ಲ. ಪಾಠ ವೈದ್ಯಕೀಯ ಖರ್ಚಲ್ಲ. ಪ್ರತಿ ಸೆಷನ್ನಿನ ತಾರೀಕು, ಯಾವ ಥೆರಪಿ, ಒಂದಕ್ಕೆ ಎಷ್ಟು, ಒಟ್ಟು ಎಷ್ಟು, ಕೆಳಗೆ ಥೆರಪಿಸ್ಟ್ ಹೆಸರು, ಸಹಿ, ಸೀಲು, ನೋಂದಣಿ ಸಂಖ್ಯೆ ಇರಬೇಕು. ಸ್ಪೀಚ್ ಥೆರಪಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನಂಬರ್ ಇರುತ್ತದೆ. ಫಿಸಿಯೊದವರಿಗೆ ಆರ್‌ಸಿಐ ನಂಬರ್ ಇರುವುದಿಲ್ಲ. ಅದನ್ನು ಕೇಳಿ ಅವರನ್ನು ಗೋಳು ಹೊಯ್ದುಕೊಳ್ಳಬೇಡಿ, ಪದವಿ ಮತ್ತು ಅವರದೇ ನೋಂದಣಿ ಸಾಕು. ಜೊತೆಗೆ ವೈದ್ಯರ ಚೀಟಿ: "ವಾರಕ್ಕೆ ಎರಡು ಸಲ, ಆರು ತಿಂಗಳು" ಅಂತ ಸ್ಪಷ್ಟವಾಗಿ ಇರಲಿ. ಬರೀ "ಥೆರಪಿ ಮುಂದುವರಿಸಿ" ಅಂದರೆ ಎಷ್ಟು ಸೆಷನ್ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಅಸಲು ಕಳಿಸುವ ಮುಂಚೆ ಎಲ್ಲದರ ಜೆರಾಕ್ಸ್ ಇಟ್ಟುಕೊಳ್ಳಿ.

ಇನ್ನೊಂದು ತಲೆನೋವು ನಮ್ಮ ಕಡೆಯ ಇನಿಷಿಯಲ್. ಆಧಾರ್‌ನಲ್ಲಿ ಹೆಸರಿನ ಹಿಂದೆ, ಯುಡಿಐಡಿಯಲ್ಲಿ (ವಿಕಲತೆಯ ಗುರುತಿನ ಕಾರ್ಡು) ಮುಂದೆ, ಪಾಸ್‌ಬುಕ್ಕಿನಲ್ಲಿ ಬಿಡಿಸಿ ಬರೆದ ಅಪ್ಪನ ಹೆಸರು. ಮೂರೂ ಒಂದೇ ಥರ ಆಗುವವರೆಗೆ ದುಡ್ಡು ಖಾತೆಗೆ ಬೀಳುವುದು ಕಷ್ಟ. ಮೊದಲು ಆಧಾರ್ ಸರಿಮಾಡಿಸಿ, ಉಳಿದವನ್ನು ಅದಕ್ಕೆ ಹೊಂದಿಸಿ.

ಪಾಲಿಸಿ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಜನವರಿಯಲ್ಲಿ ಸೇರಿದರೂ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹೊಸದಾಗಿ ಸೇರುವವರು ಏಪ್ರಿಲ್‌ನಲ್ಲೇ ಸೇರುವುದು ಲಾಭ.

ಯುಡಿಐಡಿ ಇಲ್ಲದೆ ನಿರಾಮಯ ನಡೆಯದು. ಕಾರ್ಡಿನ ಬಣ್ಣ ಹಳದಿ ಅಂದರೆ ವಿಕಲತೆ ಶೇ 40ರಿಂದ 80ರೊಳಗೆ, ನೀಲಿ ಅಂದರೆ 80 ಮತ್ತು ಮೇಲೆ, ಬಿಳಿ ಅಂದರೆ 40ಕ್ಕಿಂತ ಕಡಿಮೆ. ವಿಕಲತೆ ಎಷ್ಟೆಂದು ಅಳೆಯುವ ಮೆಡಿಕಲ್ ಬೋರ್ಡಿಗೆ ಬರಿಗೈಲಿ ಹೋಗಬೇಡಿ. ಆಟಿಸಂ ಆದರೆ ಇಸಾ (ಆಟಿಸಂ ಅಳೆಯುವ ಭಾರತೀಯ ಮಾಪನ) ಅಂಕ ಬೇಕು: 40 ಅಂಶಗಳ ಪಟ್ಟಿ, ಗರಿಷ್ಠ 200, 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದರ ಮೇಲೆ ತೀವ್ರ. ಬೌದ್ಧಿಕ ವಿಕಲತೆಗೆ ಐಕ್ಯೂ ಜೊತೆಗೆ ಹೊಂದಾಣಿಕೆ ಸಾಮರ್ಥ್ಯದ ಅಂಕವೂ ಬೇಕು. ಮೈಸೂರಿನ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆ ಅಥವಾ ಬೆಂಗಳೂರಿನ ನಿಮ್ಹಾನ್ಸ್ ವರದಿ ಇದ್ದರೆ ಪ್ರಶ್ನೆಗಳು ಕಡಿಮೆ. ಐದು ವರ್ಷದೊಳಗಿನ ಮಗುವಿಗೆ ಕೊಡುವುದು ತಾತ್ಕಾಲಿಕ ವಿಕಲತೆ ಪ್ರಮಾಣಪತ್ರ. ಅದರ ಅವಧಿ ಮುಗಿಯುವ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಮೂರ್ನಾಲ್ಕು ತಿಂಗಳು ಮೊದಲೇ ಅರ್ಜಿ ಹಾಕಿ. ಮುಂದೂ ಮಗು ಬೆಳೆದಂತೆ ಮರುಪರೀಕ್ಷೆ ಇದೆ.

ನಿರಾಮಯದವರಿಗೆ ಶಾಲೆ ಗೊತ್ತಿಲ್ಲ, ಶಾಲೆಯವರಿಗೆ ಥೆರಪಿಸ್ಟ್ ಗೊತ್ತಿಲ್ಲ. ಮೂರು ಇಲಾಖೆ, ಮೂರು ಕಡತ. ಜೋಡಿಸುವ ಕೆಲಸ ಅಪ್ಪ-ಅಮ್ಮನದೇ. ಕ್ಲೇಮಿಗೆ ಬರೆಸುವ ಥೆರಪಿ ವರದಿಯ ಇನ್ನೊಂದು ಪ್ರತಿಯನ್ನು ಬಿಆರ್‌ಸಿಯ (ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರಿಗೆ ಕೊಡಿ. ಮಗುವಿನ ವೈಯಕ್ತಿಕ ಕಲಿಕಾ ಯೋಜನೆ ಅದರ ಮೇಲೆ ನಿಂತರೆ "ಎರಡು ಪದದ ವಾಕ್ಯ ಹೇಳಿಸುವುದು" ಅನ್ನುವ ಗುರಿ ಸೆಂಟರಿನಲ್ಲೂ ತರಗತಿಯಲ್ಲೂ ಒಂದೇ ಆಗಿರುತ್ತದೆ. ಇಲ್ಲದಿದ್ದರೆ ಅಲ್ಲಿ ಮಾತು ಕಲಿಸುತ್ತಾರೆ, ಇಲ್ಲಿ ಬರೀ ಅಕ್ಷರ ತಿದ್ದಿಸುತ್ತಾರೆ. ಸ್ಯಾಟ್ಸ್‌ನಲ್ಲಿ (ಶಾಲಾ ಮಕ್ಕಳ ಆನ್‌ಲೈನ್ ದಾಖಲೆ) ಮಗುವಿನ ಹೆಸರಿನ ಮುಂದೆ ವಿಶೇಷ ಅಗತ್ಯದ ನಮೂದು ಇದೆಯೇ ಅಂತ ಮುಖ್ಯ ಶಿಕ್ಷಕರ ಹತ್ತಿರ ಕಣ್ಣಾರೆ ನೋಡಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅಂಥ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ಲೆಕ್ಕ ಹಾಕುವುದು ಆ ನಮೂದಿನ ಮೇಲೇ. ಶಾಲೆಗೆ ಹೋಗಲಾಗದ ಮಗುವಿಗೂ ದಾಖಲಾತಿ ಇರಲಿ. ಗೃಹಾಧಾರಿತ ಶಿಕ್ಷಣ ಕೇಳಲು ಅದು ಬೇಕು. ಹಳ್ಳಿಯಲ್ಲಿ ಇದ್ದರೆ ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ), ತಾಲ್ಲೂಕಿನ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ) ಅರ್ಜಿ ತುಂಬುವುದಕ್ಕೆ ನೆರವಾಗುತ್ತಾರೆ, ಅವರನ್ನು ಬಿಡಬೇಡಿ.

ಮಗನೋ ಮಗಳೋ ಹದಿನೇಳಕ್ಕೆ ಬಂದಾಗಲೇ ಕಾನೂನುಬದ್ಧ ಪಾಲಕತ್ವದ ಕಾಗದ ಜೋಡಿಸಲು ಶುರುಮಾಡಿ. 18 ತುಂಬಿದ ಮೇಲೆ ತಂದೆ-ತಾಯಿಗೂ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಯ ಆದೇಶ ಬೇಕು. ಅಲ್ಲಿ ಕೇಳುವುದೂ ಇದೇ ಯುಡಿಐಡಿ, ಇದೇ ಆಧಾರ್, ಇದೇ ಇನಿಷಿಯಲ್.