ಎಂ16, ಎಕೆ, ಎಸ್‌ಎಲ್‌ಆರ್: ಮೂರನ್ನೂ ಬಹುಕಾಲ ಬಳಸಿದ ಮೇಲೆ

ಸೇವೆಯಲ್ಲಿದ್ದಷ್ಟು ಕಾಲ ಅಮೆರಿಕದ ಎಂ16, ರಷ್ಯಾ ಮೂಲದ ಎಕೆ, ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್ ರೈಫಲ್) ಈ ಮೂರೂ ರೈಫಲ್ಲುಗಳನ್ನು ಹೊತ್ತಿದ್ದೇನೆ, ಹಾರಿಸಿದ್ದೇನೆ, ಬಿಚ್ಚಿ ಒರೆಸಿದ್ದೇನೆ. ಯಾವುದರ ಗುರಿ ಹೆಚ್ಚು ನಿಖರ ಎಂದು ಕೇಳಿದವರಿಗೆಲ್ಲ ನನ್ನ ಮರುಪ್ರಶ್ನೆ: ಯಾವ ಗುಂಡು ಹಾಕಿ?

ಎಂ16 ನೋಡಿ. ಹಳೆಯ ಎ1 ಮಾದರಿಯ ಬ್ಯಾರೆಲ್ಲಿನೊಳಗೆ ಗುಂಡನ್ನು ತಿರುಗಿಸುವ ಸುರುಳಿಗೆರೆ 12 ಇಂಚಿಗೆ ಒಂದು ಸುತ್ತು ಬರುತ್ತದೆ. 3.6 ಗ್ರಾಂ ತೂಕದ ಎಂ193 ಗುಂಡಿಗೆ ಅಷ್ಟು ಸಾಕು. 1980ರಲ್ಲಿ ನೇಟೊ ಒಪ್ಪಿಕೊಂಡ ಎಸ್‌ಎಸ್109 ಗುಂಡಿನ ತೂಕ 4 ಗ್ರಾಂ; ಮೂತಿಯೊಳಗೆ ಉಕ್ಕಿನ ತುಣುಕಿದೆ, ಉದ್ದವೂ ಜಾಸ್ತಿ. ಹಳೆಯ ಬ್ಯಾರೆಲ್ಲಿನಿಂದ ಹಾರಿಸಿದರೆ ಅದಕ್ಕೆ ಬೇಕಾದಷ್ಟು ತಿರುಗುವಿಕೆ ಸಿಗದೆ ಓಲಾಡುತ್ತದೆ. ಟಾರ್ಗೆಟ್ಟಿನಲ್ಲಿ ದುಂಡು ತೂತಿನ ಬದಲು ಅಡ್ಡ ಸೀಳು ಕಾಣಿಸುತ್ತದೆ. 7 ಇಂಚಿಗೆ ಒಂದು ಸುತ್ತಿರುವ ನಂತರದ ಎ2 ಮಾದರಿಯಲ್ಲಿ ಅದೇ ಗುಂಡು ನೆಟ್ಟಗೆ ಹೋಗಿ ಚೊಕ್ಕವಾದ ಗ್ರೂಪಿಂಗ್ ಕೊಡುತ್ತದೆ, ಅಂದರೆ ತೂತುಗಳು ಒತ್ತೊತ್ತಾಗಿ ಬೀಳುತ್ತವೆ. (ಅಷ್ಟು ಬಿಗಿ ಸುರುಳಿ ಬೇಕಾದದ್ದು ಹಾರುವಾಗ ಹೊಳೆದು ದಾರಿ ತೋರಿಸುವ, ಇನ್ನೂ ಉದ್ದದ ಟ್ರೇಸರ್ ಗುಂಡಿಗಾಗಿ.)

ಪರಿಣಾಮದ ವಿಷಯದಲ್ಲಿ ಎಂ16ರ 5.56 ಮಿ.ಮೀ. ಗುಂಡು ಪೂರ್ತಿ ವೇಗವನ್ನೇ ನಂಬಿದೆ. 20 ಇಂಚಿನ ಬ್ಯಾರೆಲ್ಲಿನಿಂದ ಎಂ193 ಸೆಕೆಂಡಿಗೆ ಸುಮಾರು 990 ಮೀಟರ್ ವೇಗದಲ್ಲಿ ಹೊರಡುತ್ತದೆ. ವೇಗ 800ಕ್ಕಿಂತ ಕೆಳಗಿಳಿದಂತೆ ಗುಂಡು ಗುರಿಯೊಳಗೆ ಒಡೆಯುವುದು ಕಡಿಮೆಯಾಗುತ್ತದೆ. 14.5 ಇಂಚಿನ ಗಿಡ್ಡ ಬ್ಯಾರೆಲ್ಲಿನ ಎಂ4 ಕಾರ್ಬೈನಿನಲ್ಲಿ ಹೊರಡುವ ವೇಗವೇ ಕಡಿಮೆ, ಹಾಗಾಗಿ ಆ ಹಂತ ಬೇಗ ಬರುತ್ತದೆ. ಒಯ್ಯಲು ಹಗುರ ಎಂದು ಕಾರ್ಬೈನನ್ನು ಮೆಚ್ಚುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎಕೆಯ ನಿಖರತೆ ಕಡಿಮೆ ಎಂಬ ಮಾತು ಅರ್ಧ ನಿಜ. ಎಕೆಯ ಎಕೆಎಂ ಮಾದರಿಯಲ್ಲಿ ಗುರಿ ಹಿಡಿಯುವ ಮುಂದಿನ, ಹಿಂದಿನ ಸೈಟುಗಳ ನಡುವಿನ ಅಂತರ 38 ಸೆಂಟಿಮೀಟರೂ ಇಲ್ಲ. ಎಂ16ರಲ್ಲಿ ಅರ್ಧ ಮೀಟರ್. ಗುರಿ ಹಿಡಿಯುವಾಗಿನ ಸಣ್ಣ ತಪ್ಪೂ ಎಕೆಯಲ್ಲಿ ದೊಡ್ಡದಾಗುತ್ತದೆ. ಇದರ ಮೇಲೆ ಅದರ 7.62×39 (ಗುಂಡಿನ ವ್ಯಾಸ, ಕೋಶದ ಉದ್ದ, ಮಿ.ಮೀ.ಗಳಲ್ಲಿ) ಗುಂಡು ಸುಮಾರು 8 ಗ್ರಾಂ, ವೇಗ 715 ಮೀಟರ್ ಮಾತ್ರ. 100 ಮೀಟರಿಗೆ ಝೀರೋ ಮಾಡಿದ್ದರೆ (ಅಷ್ಟು ದೂರಕ್ಕೆ ಸೈಟು ಹೊಂದಿಸಿದ್ದರೆ) 300ರಲ್ಲಿ ಅರ್ಧ ಮೀಟರಿಗೂ ಹೆಚ್ಚು ಕೆಳಗೆ ಬೀಳುತ್ತದೆ. ದೂರವನ್ನು ಸರಿಯಾಗಿ ಅಂದಾಜು ಮಾಡಬಲ್ಲವನ ಕೈಯಲ್ಲಿ ಮಾತ್ರ ಅದು ಅಲ್ಲಿ ಗುರಿ ಮುಟ್ಟೀತು. ಆದರೆ ಕೆಸರು, ಧೂಳಿನಲ್ಲಿ ಎಕೆಯನ್ನು ಮೀರಿಸಿದ್ದನ್ನು ನಾನು ಕಂಡಿಲ್ಲ. ತುದಿಯತ್ತ ಕಿರಿದಾಗುವ ರೌಂಡಿನ (ಗುಂಡು, ಮದ್ದು ಸೇರಿದ ತೋಟಾ) ಕೋಶ ಚೇಂಬರಿನಿಂದ ಸಲೀಸಾಗಿ ಹೊರಬರುತ್ತದೆ.

ಎಸ್‌ಎಲ್‌ಆರ್ ಮೇಲೆ ನನಗೆ ಇಂದಿಗೂ ಪ್ರೀತಿ. 7.62×51 ಗುಂಡು 9.5 ಗ್ರಾಂ, ವೇಗ 840 ಮೀಟರ್. 500 ಮೀಟರಿನಾಚೆ ಗಾಳಿ ಬೀಸುವಾಗ ಉಳಿದೆರಡು ತಡವರಿಸುವಲ್ಲಿ ಇದು ದಾರಿ ಬಿಡುವುದಿಲ್ಲ. ಆದರೆ ಒಂದೊಂದು ರೌಂಡೂ 5.56ರ ಎರಡರಷ್ಟು ಭಾರ, ಮ್ಯಾಗಜೀನಿನಲ್ಲಿ ಇಪ್ಪತ್ತೇ, ಭುಜಕ್ಕೆ ಒದೆತವೂ ಜೋರು. ದಿನವಿಡೀ ನಡೆದು 300 ಮೀಟರಿನೊಳಗೆ ಗುಂಡು ಹಾರಿಸುವ ಕೆಲಸಕ್ಕೆ ಎಸ್‌ಎಸ್109 ತುಂಬಿದ ಎ2ವನ್ನೇ ಆರಿಸುತ್ತೇನೆ. ತೆರೆದ ಬಯಲಿನಲ್ಲಿ ಒಂದೆಡೆ ಕೂತು ಕಾಯುವುದಿದ್ದರೆ ಎಸ್‌ಎಲ್‌ಆರ್.